ಮಸಾಜ್ ಥೆರಪಿ ಲೈಸೆನ್ಸ್: ಅಮೆರಿಕದ ಯಾವ ರಾಜ್ಯದಲ್ಲಿ ಮಾಡಿಸಿಕೊಂಡರೆ ಒಳ್ಳೆಯದು?

ಕಳೆದ ಕೆಲವು ತಿಂಗಳಲ್ಲಿ ಮೂವರು ಹೆಣ್ಣುಮಕ್ಕಳು ನನಗೆ ಫೋನ್ ಮಾಡಿ ಹೆಚ್ಚುಕಮ್ಮಿ ಒಂದೇ ಮಾತು ಕೇಳಿದರು. ಒಬ್ಬರು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾರೆ, ಒಬ್ಬರು ವಾಷಿಂಗ್ಟನ್ ರಾಜ್ಯದಲ್ಲಿ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ, ಇನ್ನೊಬ್ಬರು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. "ಅಕ್ಕಾ, ಮಸಾಜ್ ಥೆರಪಿ ಕಲಿಯೋಣ ಅಂತಿದ್ದೀನಿ. ಇಲ್ಲೇ ಲೈಸೆನ್ಸ್ ಮಾಡಿಸಲಾ? ಬೇರೆ ರಾಜ್ಯದಲ್ಲಿ ಸುಲಭ ಅಂತಾರಲ್ಲ, ಅದನ್ನ ನೋಡಲಾ?" ಮೂವರಿಗೂ ನಾನು ಕೊಟ್ಟ ಉತ್ತರ ಬೇರೆಬೇರೆ. ಯಾಕೆ ಅಂತ ಬರೆದಿಟ್ಟರೆ ಇನ್ನೂ ನಾಲ್ಕು ಜನಕ್ಕೆ ಉಪಯೋಗವಾದೀತು.

ನಾನು ಮೊದಲು ಕಲಿತದ್ದು ಕ್ಯಾಲಿಫೋರ್ನಿಯಾದಲ್ಲಿ. ಆಮೇಲೆ ಯಜಮಾನರ ಕೆಲಸ ಟೆಕ್ಸಸ್‌ನ ಡಲ್ಲಾಸ್ ಕಡೆಗೆ ಬಂತು. ಸರ್ಟಿಫಿಕೇಟ್ ಕೈಯಲ್ಲಿದೆ, ಹೋದ ತಕ್ಷಣ ಕೆಲಸ ಶುರು ಮಾಡಬಹುದು ಅಂದುಕೊಂಡಿದ್ದೆ. ಎಂಟು ತಿಂಗಳು ಸುಮ್ನೆ ಕೂತೆ. ಆ ಎಂಟು ತಿಂಗಳಲ್ಲಿ ಗೊತ್ತಾದದ್ದನ್ನು ಶಾಲೆಗೆ ದುಡ್ಡು ಕಟ್ಟುವ ಮುಂಚೆಯೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ನಮ್ಮ ಊರಿನಲ್ಲಿ ಎಣ್ಣೆ ಹಚ್ಚಿ ನೀವುವ ಕೈಗೆ ಯಾರೂ ಲೈಸೆನ್ಸ್ ಕೇಳುವುದಿಲ್ಲ. ಬಾಣಂತಿಗೆ ಎಣ್ಣೆ ನೀರು ಹಾಕಲು ಬರುವ ಅಜ್ಜಿಯ ಅರ್ಹತೆ ಏನು? ಆಚೆ ಬೀದಿಯ ಸೊಸೆಗೂ ಅವರೇ ಹಾಕಿದ್ದರು, ಅಷ್ಟು ಸಾಕು. ಇಲ್ಲಿ ಹಾಗಲ್ಲ. ದುಡ್ಡು ತೆಗೆದುಕೊಂಡು ಇನ್ನೊಬ್ಬರ ಮೈ ನೀವಿದರೆ ಬಹುತೇಕ ರಾಜ್ಯಗಳಲ್ಲಿ ಅದು ಲೈಸೆನ್ಸ್ ಬೇಕಾದ ಕಸುಬು. ಕೇಂದ್ರ ಸರ್ಕಾರದ ಲೈಸೆನ್ಸ್ ಅಂತ ಒಂದಿಲ್ಲ, ರಾಜ್ಯ ರಾಜ್ಯಕ್ಕೂ ಕಾನೂನು ಬೇರೆ. ಯಾರು ನೋಡಿಕೊಳ್ಳುತ್ತಾರೆ ಅನ್ನುವುದೂ ಬೇರೆ. ನ್ಯೂಯಾರ್ಕ್‌ನಲ್ಲಿ ಶಿಕ್ಷಣ ಇಲಾಖೆ, ಫ್ಲಾರಿಡಾ ಮತ್ತು ವಾಷಿಂಗ್ಟನ್‌ನಲ್ಲಿ ಆರೋಗ್ಯ ಇಲಾಖೆ, ಓಹಿಯೊದಲ್ಲಿ ವೈದ್ಯಕೀಯ ಮಂಡಳಿ. ಟೆಕ್ಸಸ್‌ನಲ್ಲಿ ಎಲೆಕ್ಟ್ರಿಷಿಯನ್, ಕ್ಷೌರಿಕರಿಗೆ ಲೈಸೆನ್ಸ್ ಕೊಡುವ ಟಿಡಿಎಲ್‌ಆರ್ ಅನ್ನುವ ಇಲಾಖೆಯೇ ನಮಗೂ ಕೊಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಒಂದು ಲಾಭರಹಿತ ಸಂಸ್ಥೆ. ಮಿನ್ನೆಸೋಟಾದಲ್ಲಿ ನಿಮ್ಮ ಊರಿನ ನಗರಸಭೆ.

ಮೊದಲು ಏನು ನೋಡಬೇಕು

ಎಲ್ಲರೂ ಮೊದಲು ಕೇಳುವುದು "ಎಷ್ಟು ಗಂಟೆ ಓದಬೇಕು?" ಅಂತ. ಅದು ಮುಖ್ಯವೇ. ಟೆಕ್ಸಸ್, ಫ್ಲಾರಿಡಾ, ನ್ಯೂಜೆರ್ಸಿ 500 ಗಂಟೆ ಅನ್ನುತ್ತವೆ. ಇಲಿನಾಯ್ 600, ವಾಷಿಂಗ್ಟನ್ ಮತ್ತು ಆರೆಗಾನ್ 625, ನ್ಯೂಯಾರ್ಕ್ 1000. ಗಂಟೆ ಜಾಸ್ತಿಯಾದಷ್ಟೂ ಫೀಸೂ ಜಾಸ್ತಿ. ಖಾಸಗಿ ಶಾಲೆಗಳಲ್ಲಿ 500 ಗಂಟೆಯ ಕೋರ್ಸಿಗೇ ಸಾವಿರಾರು ಡಾಲರ್ ಆಗುತ್ತದೆ. ಕಮ್ಯುನಿಟಿ ಕಾಲೇಜಿನಲ್ಲಿ ಕೋರ್ಸ್ ಇದ್ದರೆ ಸಾಮಾನ್ಯವಾಗಿ ಅಗ್ಗ, ಆದರೆ ಸೀಟು ಸಿಗಬೇಕು, ಸೆಮಿಸ್ಟರ್‌ಗೆ ಕಾಯಬೇಕು.

ಆದರೆ ನಮ್ಮಂಥವರಿಗೆ ಗಂಟೆಗಿಂತ ಮೊದಲು ಬರುವ ಪ್ರಶ್ನೆ ಇನ್ನೊಂದಿದೆ. ಐದು ವರ್ಷದ ಮೇಲೆ ನೀವು ಯಾವ ರಾಜ್ಯದಲ್ಲಿ ಇರುತ್ತೀರಿ? ಸಾಫ್ಟ್‌ವೇರ್ ಕೆಲಸದ ಮನೆಗಳಲ್ಲಿ ಇದಕ್ಕೆ ಗಟ್ಟಿ ಉತ್ತರ ಇರುವುದಿಲ್ಲ, ಅಲ್ವಾ? ರಾಜ್ಯದ ಗಡಿ ದಾಟಿದರೆ ಲೈಸೆನ್ಸ್ ಜೊತೆಗೆ ಬರುವುದಿಲ್ಲ. ಕಲಿತ ಗಂಟೆಗಳು ಬರುತ್ತವೆ. ಬರೆದ ಪರೀಕ್ಷೆ ಬರುತ್ತದೆ. ಹಾಗಾಗಿ ಯಾವ ರಾಜ್ಯದಲ್ಲಿ ಬೇಗ ಸಿಗುತ್ತದೆ ಅಂತ ನೋಡುವುದಕ್ಕಿಂತ, ಗಂಟು ಕಟ್ಟಿಕೊಂಡು ಹೊರಟಾಗ ನಿಮ್ಮ ಜೊತೆ ಏನು ಬರುತ್ತದೆ ಅಂತ ನೋಡಿ.

ಪರೀಕ್ಷೆ ಅಂದರೆ ಎಂಬ್ಲೆಕ್ಸ್, ಲೈಸೆನ್ಸ್‌ಗಾಗಿ ಬರೆಯುವ ರಾಷ್ಟ್ರಮಟ್ಟದ ಪರೀಕ್ಷೆ. ರಾಜ್ಯಗಳ ಮಸಾಜ್ ಮಂಡಳಿಗಳ ಒಕ್ಕೂಟ ಇದನ್ನು 2007ರಿಂದ ನಡೆಸುತ್ತಿದೆ. ಕಂಪ್ಯೂಟರ್ ಮುಂದೆ ಕೂತು 110 ನಿಮಿಷದಲ್ಲಿ 100 ಪ್ರಶ್ನೆಗೆ ಉತ್ತರ ಕೊಡಬೇಕು. ಇಂಗ್ಲಿಷ್ ಅಥವಾ ಸ್ಪ್ಯಾನಿಷ್‌ನಲ್ಲಿ ಬರೆಯಬಹುದು. ನಾನು ಕಟ್ಟಿದ ಶುಲ್ಕ 265 ಡಾಲರ್. ಫೇಲ್ ಆದರೆ 30 ದಿನ ಬಿಟ್ಟು ಮತ್ತೆ ಬರೆಯಬೇಕು, ಮತ್ತೆ ಶುಲ್ಕ ಕಟ್ಟಬೇಕು. ಸ್ನಾಯು, ಮೂಳೆ ಬಗ್ಗೆಯೇ ಜಾಸ್ತಿ ಕೇಳುತ್ತಾರೆ ಅಂತ ನಾವು ಹೆದರುತ್ತೇವೆ. ಗ್ರಾಹಕರ ಸ್ಥಿತಿಯನ್ನು ಅಳೆಯುವುದು, ನೀತಿ, ಕಾನೂನು, ಯಾವ ಕಾಯಿಲೆ ಇದ್ದರೆ ಮೈ ಮುಟ್ಟಲೇಬಾರದು ಅನ್ನುವುದರ ಮೇಲೂ ಅಷ್ಟೇ ಪ್ರಶ್ನೆಗಳಿರುತ್ತವೆ.

ಮೂರನೆಯದು ದುಡಿಮೆ. ಸ್ಪಾದಲ್ಲಿ ಸಂಬಳಕ್ಕೆ ಸೇರಬೇಕಾ, ಕೈರೊಪ್ರಾಕ್ಟರ್ ಕ್ಲಿನಿಕ್‌ನಲ್ಲಿ ಕೆಲಸ ಮಾಡಬೇಕಾ, ಮನೆಮನೆಗೆ ಹೋಗಿ ಬಾಣಂತಿ ಆರೈಕೆ ಮಾಡಬೇಕಾ, ಸ್ವಂತ ಕೋಣೆ ಬಾಡಿಗೆಗೆ ಹಿಡಿಯಬೇಕಾ? ಒಂದೊಂದಕ್ಕೂ ಒಂದೊಂದು ರಾಜ್ಯ ಅನುಕೂಲ. ಕೇಂದ್ರ ಸರ್ಕಾರದ ಕಾರ್ಮಿಕ ಅಂಕಿಅಂಶ ಕಚೇರಿ 2023ರ ಮೇ ತಿಂಗಳಿಗೆ ಕೊಟ್ಟ ಲೆಕ್ಕದಲ್ಲಿ ಮಸಾಜ್ ಥೆರಪಿಸ್ಟರ ನಡುಮಟ್ಟದ ವರಮಾನ ವರ್ಷಕ್ಕೆ ಸುಮಾರು 55 ಸಾವಿರ ಡಾಲರ್. ಆದರೆ ಈ ಕಸುಬಿನಲ್ಲಿ ಅರೆಕಾಲಿಕವಾಗಿ ಮಾಡುವವರೇ ಬಹಳ. ದಿನಕ್ಕೆ ಐದು ಜನರನ್ನು ನೋಡಿದರೆ ನನ್ನ ಹೆಬ್ಬೆರಳು ರಾತ್ರಿ ಚಪಾತಿ ಲಟ್ಟಣಿಗೆ ಹಿಡಿಯಲು ಒಪ್ಪುವುದಿಲ್ಲ. ಆ ಅಂಕಿಯನ್ನು ನೋಡಿ ಮನೆಯ ಲೆಕ್ಕ ಹಾಕಬೇಡಿ.

ವೀಸಾ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಚ್-4ರಲ್ಲಿ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಯಾಗಿ ಇದ್ದವರು ಶಾಲೆಗೆ ಸೇರಿ ಕಲಿಯಬಹುದು. ದುಡಿಯಬೇಕಾದರೆ ಇಎಡಿ, ಅಂದರೆ ಕೆಲಸ ಮಾಡುವ ಪರವಾನಗಿ ಕೈಗೆ ಬರಬೇಕು. ಗಂಡನ ಅಥವಾ ಹೆಂಡತಿಯ ಗ್ರೀನ್ ಕಾರ್ಡಿಗಾಗಿ ಹಾಕಿದ ಐ-140 ಅರ್ಜಿ ಒಪ್ಪಿಗೆಯಾಗಿದ್ದರೆ, ಇಲ್ಲವೇ ಅವರ ಎಚ್-1ಬಿ ಆರು ವರ್ಷ ದಾಟಿ ಮುಂದುವರಿದಿದ್ದರೆ ಅದಕ್ಕೆ ಅರ್ಜಿ ಹಾಕಬಹುದು. ಇಎಡಿ ಇದ್ದರೆ ಸ್ವಂತವಾಗಿಯೂ ಮಾಡಬಹುದು. ಇಎಡಿ ಇಲ್ಲದೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಗುವುದಿಲ್ಲ, ಲೈಸೆನ್ಸ್ ಅರ್ಜಿಯಲ್ಲಿ ಅದನ್ನೇ ಕೇಳುವ ರಾಜ್ಯಗಳಿವೆ. ಕೋರ್ಸ್ ಮುಗಿಯುವ ಹೊತ್ತಿಗೆ ಇಎಡಿ ಬರುವ ಹಾಗೆ ಲೆಕ್ಕ ಹಾಕಿ ಸೇರಿಕೊಳ್ಳಿ.

ಕ್ಯಾಲಿಫೋರ್ನಿಯಾ

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ನಮ್ಮವರು ಎಷ್ಟೊಂದು ಜನ ಇರುವುದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಇಲ್ಲಿ ರಾಜ್ಯದ ಲೈಸೆನ್ಸ್ ಇಲ್ಲವೇ ಇಲ್ಲ. ಸಿಎಎಂಟಿಸಿ ಅನ್ನುವ ಸಂಸ್ಥೆ 2009ರಿಂದ ಸರ್ಟಿಫಿಕೇಟ್ ಕೊಡುತ್ತಿದೆ. ರಾಜ್ಯದ ಕಾನೂನಿನ ಪ್ರಕಾರ ಅದು ಕಡ್ಡಾಯವಲ್ಲ. ಹಾಗಂತ ಬಿಟ್ಟುಬಿಡಬಹುದಾ? ಇಲ್ಲ. ಊರೂರಿನ ನಗರಸಭೆಗೂ ಕೌಂಟಿಗೂ ತಮ್ಮದೇ ನಿಯಮ ಮಾಡುವ ಅಧಿಕಾರ ಇದೆ. ಎಷ್ಟೋ ನಗರಗಳು ಸಿಎಎಂಟಿಸಿ ಸರ್ಟಿಫಿಕೇಟ್ ಇಲ್ಲದವರನ್ನು ಕೆಲಸಕ್ಕೇ ಇಟ್ಟುಕೊಳ್ಳಬೇಡಿ ಅನ್ನುತ್ತವೆ. ಕೆಲವು ನಗರಗಳು ಬೇರೆ ಪರ್ಮಿಟ್ ಕೇಳುತ್ತವೆ. ಸರ್ಟಿಫಿಕೇಟ್ ಇಲ್ಲದೆ "ಸರ್ಟಿಫೈಡ್" ಅಂತಲೋ "ಲೈಸೆನ್ಸ್ಡ್" ಅಂತಲೋ ಕಾರ್ಡಿನಲ್ಲಿ ಹಾಕಿಕೊಂಡರೆ ಅದು ಕಾನೂನಿಗೆ ವಿರುದ್ಧ.

ಓದಬೇಕಾದದ್ದು 500 ಗಂಟೆ, ಅದೂ ಸಿಎಎಂಟಿಸಿ ಒಪ್ಪಿದ ಶಾಲೆಯಲ್ಲಿ. ಬೆರಳಚ್ಚು ಕೊಡಬೇಕು. ಪರೀಕ್ಷೆ ಮೊದಲು ಇತ್ತು, 2019ರಿಂದ ನಿಲ್ಲಿಸಿದರು, ಆಮೇಲೆ ಕಾನೂನಿನಿಂದಲೇ ತೆಗೆದುಹಾಕಿದರು. ಎರಡು ವರ್ಷಕ್ಕೊಮ್ಮೆ ನವೀಕರಣ. ಅದಕ್ಕಾಗಿ ಹೆಚ್ಚಿನ ಪಾಠದ ಗಂಟೆಗಳನ್ನೂ ಕೇಳುವುದಿಲ್ಲ.

ಕೇಳಲು ಎಷ್ಟು ಹಿತ ನೋಡಿ. ನಾನೂ ಪರೀಕ್ಷೆ ಬರೆಯಲಿಲ್ಲ. ಬರೆಯಬೇಡ ಅಂತ ಯಾರೂ ಹೇಳಿರಲಿಲ್ಲ, ಬೇಕಿರಲಿಲ್ಲ ಅಷ್ಟೆ. ಟೆಕ್ಸಸ್‌ಗೆ ಬಂದಾಗ ಆ ಪರೀಕ್ಷೆ ಬೇಕೇ ಬೇಕು ಅಂದರು. ಓದಿ ಎರಡೂವರೆ ವರ್ಷ ಆಗಿತ್ತು. ಯಾವ ಸ್ನಾಯು ಯಾವ ಮೂಳೆಯಿಂದ ಹೊರಟು ಎಲ್ಲಿ ಅಂಟುತ್ತದೆ ಅನ್ನುವುದು ಕೈಗೆ ಗೊತ್ತಿತ್ತು, ಹೆಸರು ಬಾಯಿಗೆ ಬರುತ್ತಿರಲಿಲ್ಲ. ಮಗನ ಹಳೆಯ ಫ್ಲಾಶ್ ಕಾರ್ಡುಗಳ ಹಿಂದೆ ಹೆಸರು ಬರೆದುಕೊಂಡು ಅಡುಗೆಮನೆಯ ಕಪಾಟಿಗೆ ಅಂಟಿಸಿದೆ. ಕುಕ್ಕರ್ ಕೂಗುವಷ್ಟರಲ್ಲಿ ನಾಲ್ಕು ಸ್ನಾಯು. ಹಾಗೆ ಮೂರು ತಿಂಗಳು ಓದಿ ಬರೆದೆ.

ಅದಕ್ಕೇ ಫ್ರೀಮಾಂಟ್‌ನ ಹುಡುಗಿಗೆ ಹೇಳಿದ್ದು ಇಷ್ಟು: ಕ್ಯಾಲಿಫೋರ್ನಿಯಾದಲ್ಲೇ ಕಲಿ, ಆದರೆ ಕೋರ್ಸ್ ಮುಗಿದ ಮೂರು ತಿಂಗಳೊಳಗೆ ಎಂಬ್ಲೆಕ್ಸ್ ಬರೆದುಬಿಡು. ಈಗ ಬೇಡದಿದ್ದರೂ ಬರೆ. ಓದಿದ್ದು ಬಿಸಿ ಇರುವಾಗ ಅದು ಸುಲಭ.

ಕ್ಯಾಲಿಫೋರ್ನಿಯಾದ ಇನ್ನೊಂದು ವಿಷಯ ಸಂಬಳದ್ದು. 2020ರಲ್ಲಿ ಜಾರಿಗೆ ಬಂದ ಎಬಿ-5 ಕಾನೂನಿನಿಂದಾಗಿ ಸ್ಪಾಗಳು ನಮ್ಮನ್ನು "ಸ್ವತಂತ್ರ ಗುತ್ತಿಗೆದಾರರು" ಅಂತ ತೋರಿಸುವುದು ಕಷ್ಟವಾಗಿದೆ. ಕ್ಷೌರಿಕರು, ಬ್ಯೂಟಿಷಿಯನ್‌ಗಳಿಗೆ ಆ ಕಾನೂನಿನಲ್ಲಿ ವಿನಾಯಿತಿ ಇದೆ, ಮಸಾಜ್‌ಗೆ ಇಲ್ಲ. ನೌಕರರಾಗಿ ಸೇರಿದರೆ ತೆರಿಗೆಯ ಅರ್ಧ ಭಾರ ಅವರ ಮೇಲೆ, ಕೈಗೆ ಪೆಟ್ಟಾದರೆ ಕಾರ್ಮಿಕ ವಿಮೆ ಇರುತ್ತದೆ. ಹೊಸಬರಿಗೆ ಇದು ನಿಜವಾಗಿ ದೊಡ್ಡ ರಕ್ಷಣೆ. ಸ್ವತಂತ್ರವಾಗಿ ಓಡಾಡಿಕೊಂಡು ಮಾಡಬೇಕು ಅನ್ನುವವರಿಗೆ ಮಾತ್ರ ಸ್ವಲ್ಪ ಬಿಗಿ ಅನ್ನಿಸುತ್ತದೆ.

ಟೆಕ್ಸಸ್

ಇಲ್ಲಿ ಎಲ್ಲ ಬರೆದಿಟ್ಟಂತೆ ಇದೆ. 500 ಗಂಟೆಯನ್ನು ಹೇಗೆ ಹಂಚಬೇಕು ಅಂತಲೂ ನಿಯಮ ಇದೆ: ನೀವುವ ವಿಧಾನಗಳಿಗೆ 200 ಗಂಟೆ, ಅದರಲ್ಲಿ 125 ಸ್ವೀಡಿಷ್ ಮಸಾಜ್. ದೇಹರಚನೆ 50, ಚಲನೆಯ ಶಾಸ್ತ್ರ 50, ರೋಗಗಳ ಬಗ್ಗೆ 40, ಕಾನೂನು ಮತ್ತು ನೀತಿ 45, ನೀರಿನ ಚಿಕಿತ್ಸೆ 20, ಕೊನೆಗೆ 50 ಗಂಟೆ ಇಂಟರ್ನ್‌ಶಿಪ್. ಮಿಕ್ಕದ್ದು ಶರೀರಕ್ರಿಯೆ, ಆರೋಗ್ಯ, ಸ್ವಚ್ಛತೆ. ಎಂಬ್ಲೆಕ್ಸ್ ಜೊತೆಗೆ ರಾಜ್ಯದ ಕಾನೂನಿನ ಮೇಲೆ ಒಂದು ಚಿಕ್ಕ ಪರೀಕ್ಷೆ. ಲೈಸೆನ್ಸ್ ಎರಡು ವರ್ಷಕ್ಕೆ, ನವೀಕರಣಕ್ಕೆ 12 ಗಂಟೆಯ ಪಾಠ.

ಹೊರಗಿನಿಂದ ಬರುವವರು ಸಿಕ್ಕಿಹಾಕಿಕೊಳ್ಳುವುದು ಆ ಹಂಚಿಕೆಯಲ್ಲಿ. ನಾನು ಕಲಿತ ಶಾಲೆ ಕೊಟ್ಟ ಅಂಕಪಟ್ಟಿಯಲ್ಲಿ ನೀರಿನ ಚಿಕಿತ್ಸೆ ಅನ್ನುವ ಸಾಲೇ ಇರಲಿಲ್ಲ. ಬಿಸಿ ಟವೆಲ್, ಐಸ್ ಎಲ್ಲ ಹೇಳಿಕೊಟ್ಟಿದ್ದರು, ಆದರೆ "ಮಸಾಜ್ ವಿಧಾನಗಳು" ಅಂತ ಒಂದೇ ಸಾಲಿನಲ್ಲಿ ಸೇರಿಸಿದ್ದರು. ಬಿಡಿಸಿ ಬರೆದುಕೊಡಿ ಅಂತ ಕೇಳುವಷ್ಟರಲ್ಲಿ ಶಾಲೆಯ ಆಡಳಿತ ಬದಲಾಗಿತ್ತು. ಫೋನಿಗೆ ಉತ್ತರವಿಲ್ಲ, ಇಮೇಲ್‌ಗೆ ಉತ್ತರವಿಲ್ಲ. ಕೊನೆಗೆ ನನ್ನ ಟೀಚರ್ ಒಬ್ಬರು ಹಳೆಯ ಪಾಠಪಟ್ಟಿಯನ್ನು ಹುಡುಕಿ ಕಳಿಸಿದರು. ಅವರ ಋಣ ದೊಡ್ಡದು.

ಟೆಕ್ಸಸ್‌ನಲ್ಲಿ ನನಗೆ ಇಷ್ಟವಾದದ್ದು ಗ್ರಾಹಕರಿಗೂ ನಮಗೂ ಇರುವ ಸ್ಪಷ್ಟತೆ. ಮೊದಲ ಸಲ ಬಂದವರ ಹತ್ತಿರ ಏನು ಮಾಡುತ್ತೇವೆ, ಮೈಯ ಯಾವ ಭಾಗ ಮುಟ್ಟುತ್ತೇವೆ ಅಂತ ಬರೆದು ಸಹಿ ಹಾಕಿಸಬೇಕು. ಹೊದಿಕೆ ಹಾಕುವ ಕ್ರಮ ಹೇಳಬೇಕು. ಶಾಲೆಯಲ್ಲಿ ಮೊದಲ ವಾರವೆಲ್ಲ ಇದೇ. ಮೇಜಿನ ಮೇಲೆ ಮಲಗಿದವರ ಮೇಲಿನ ಬಟ್ಟೆಯನ್ನು ಒಂದು ಕಾಲಿನಷ್ಟೇ ಸರಿಸಿ, ಅಂಚನ್ನು ತೊಡೆಯ ಕೆಳಗೆ ಸಿಕ್ಕಿಸಿ, ಇನ್ನೊಂದು ಕಾಲು ಒಂದು ಬೆರಳಷ್ಟೂ ಕಾಣದ ಹಾಗೆ ಇಡಬೇಕು. ದೀಪಾವಳಿ ದಿನ ಅಜ್ಜಿಯ ಮುಂದೆ ಕೂತು ಎಣ್ಣೆ ಹಚ್ಚಿಸಿಕೊಂಡು ಬೆಳೆದ ನನಗೆ ಇದು ಅತಿ ಅನ್ನಿಸಿತ್ತು. ಒಂದು ದಿನ ಗ್ರಾಹಕರ ಜಾಗದಲ್ಲಿ ನಾನು ಮಲಗಿದೆ. ಆ ಅಂಚು ಬಿಗಿಯಾಗಿ ಸಿಕ್ಕಿಸಿದಾಗಲೇ ನನ್ನ ಭುಜ ಸಡಿಲವಾಯಿತು. ಆಗ ಅರ್ಥವಾಯಿತು.

ಸ್ವಂತ ಕೆಲಸ ಮಾಡುವವರಿಗೆ ಇಲ್ಲಿ ಒಂದು ಅನುಕೂಲ ಇದೆ. ಸ್ಪಾ ನಡೆಸಲು ಜಾಗಕ್ಕೇ ಬೇರೆ ಲೈಸೆನ್ಸ್ ಬೇಕು. ಆದರೆ ಒಬ್ಬರೇ, ನಿಮ್ಮ ಹೆಸರಿನಲ್ಲೇ ಮಾಡುವುದಾದರೆ ಆ ಎರಡನೇ ಲೈಸೆನ್ಸ್ ಬೇಡ. ಹಾಗಾಗಿ ಬಾಣಂತಿ ಆರೈಕೆಯನ್ನೇ ಕಸುಬು ಮಾಡಿಕೊಳ್ಳಬೇಕು ಅನ್ನುವವರಿಗೆ, ಅದೂ ಕಡಿಮೆ ಬಂಡವಾಳದಲ್ಲಿ, ಟೆಕ್ಸಸ್ ಬಹಳ ಒಗ್ಗುತ್ತದೆ. ಡಲ್ಲಾಸ್ ಸುತ್ತಲಿನ ಫ್ರಿಸ್ಕೊ, ಪ್ಲೇನೊ, ಇರ್ವಿಂಗ್ ಕಡೆ ಕೇಳುವವರಿಗೇನೂ ಕೊರತೆ ಇಲ್ಲ. ನಗರಸಭೆಯ ನಿಯಮವನ್ನು ಮಾತ್ರ ಒಮ್ಮೆ ವಿಚಾರಿಸಿಕೊಳ್ಳಿ.

ವಾಷಿಂಗ್ಟನ್

ಬೆಲ್‌ವ್ಯೂನ ಗೆಳತಿಗೆ ನಾನು ಕಣ್ಣುಮುಚ್ಚಿ "ಅಲ್ಲೇ ಮಾಡು" ಅಂದೆ. ಯಾಕೆ ಅಂದರೆ ವಿಮೆ. ಇನ್ಶೂರೆನ್ಸ್ ಕಂಪನಿಗಳು ರಾಜ್ಯದ ಲೈಸೆನ್ಸ್ ಇರುವ ಎಲ್ಲ ಬಗೆಯ ಆರೋಗ್ಯ ಸೇವಕರನ್ನೂ ಒಳಗೆ ಸೇರಿಸಿಕೊಳ್ಳಬೇಕು ಅನ್ನುವ ಕಾನೂನು ಅಲ್ಲಿ 1996ರಿಂದ ಇದೆ. ಅದರಲ್ಲಿ ಮಸಾಜ್ ಥೆರಪಿಸ್ಟರೂ ಬರುತ್ತಾರೆ. ಬೇರೆ ರಾಜ್ಯಗಳಲ್ಲಿ ಬೆನ್ನು ನೋವಿನವರು ಕೈಯಿಂದ ದುಡ್ಡು ಕೊಟ್ಟು ಬರುತ್ತಾರೆ, ಅದಕ್ಕೇ ತಿಂಗಳಿಗೊಮ್ಮೆ ಬರುತ್ತಾರೆ. ಅಲ್ಲಿ ಡಾಕ್ಟರ್ ಚೀಟಿ ಹಿಡಿದು ವಾರ ವಾರ ಬರುವ ರೋಗಿಗಳಿರುತ್ತಾರೆ. ಕೆಲಸದ ಜಾಗದಲ್ಲಿ ಪೆಟ್ಟಾದವರು, ಕಾರು ಅಪಘಾತದಲ್ಲಿ ಕುತ್ತಿಗೆ ಹಿಡಿದುಕೊಂಡವರೂ ವಿಮೆಯ ಮೂಲಕ ಬರುತ್ತಾರೆ. ಇದನ್ನು ಚಿಕಿತ್ಸೆಯ ಕೆಲಸವಾಗಿ ಮಾಡಬೇಕು ಅನ್ನುವವರಿಗೆ ಇಂಥ ರಾಜ್ಯ ಅಪರೂಪ.

ಕಷ್ಟವೂ ಇದೆ. ಪ್ರತಿ ಸಲವೂ ಏನು ಮಾಡಿದೆವು, ಎಷ್ಟು ಗುಣವಾಯಿತು ಅಂತ ಬರೆಯಬೇಕು. ಬಿಲ್ ಕಳಿಸಬೇಕು, ಅದು ವಾಪಸ್ ಬಂದರೆ ತಿದ್ದಿ ಮತ್ತೆ ಕಳಿಸಬೇಕು. ದುಡ್ಡು ವಾರಗಟ್ಟಲೆ ತಡವಾಗಿ ಬರುತ್ತದೆ. ಸ್ಪಾದಲ್ಲಿ ಸಿಗುವ ಟಿಪ್ಸ್ ಇಲ್ಲಿ ಮರೆತುಬಿಡಿ. ಬರಹದ ಕೆಲಸ ಆಗದವರು ಬಿಲ್ಲಿಂಗ್ ನೋಡಿಕೊಳ್ಳುವ ಕ್ಲಿನಿಕ್ ಸೇರುವುದು ಮೇಲು.

ಅಲ್ಲಿ ಕಲಿತ 625 ಗಂಟೆಗೆ ಇನ್ನೊಂದು ಬೆಲೆ ಇದೆ. ರಾಜ್ಯ ರಾಜ್ಯಗಳ ನಡುವೆ ಒಂದು ಒಪ್ಪಂದ ರೂಪುಗೊಳ್ಳುತ್ತಿದೆ, ಹೆಸರು ಇಂಟರ್‌ಸ್ಟೇಟ್ ಮಸಾಜ್ ಕಾಂಪ್ಯಾಕ್ಟ್. 2023ರಲ್ಲಿ ನೆವಾಡಾ ಮೊದಲು ಒಪ್ಪಿತು. ಏಳು ರಾಜ್ಯಗಳು ಒಪ್ಪಿದರೆ ಅದು ಜಾರಿಗೆ ಬರುತ್ತದೆ ಅಂತ ಅದರಲ್ಲೇ ಬರೆದಿದ್ದಾರೆ. ಜಾರಿಗೆ ಬಂದ ಮೇಲೆ, ಸೇರಿದ ರಾಜ್ಯದವರು ಒಂದೇ ಲೈಸೆನ್ಸಿನಲ್ಲಿ ಸೇರಿದ ಇನ್ನೊಂದು ರಾಜ್ಯದಲ್ಲೂ ಕೆಲಸ ಮಾಡಬಹುದು. ಅದಕ್ಕೆ ಇಟ್ಟಿರುವ ಅಳತೆ 625 ಗಂಟೆಯ ಓದು ಮತ್ತು ರಾಷ್ಟ್ರಮಟ್ಟದ ಪರೀಕ್ಷೆ. 500 ಗಂಟೆ ಮುಗಿಸಿ ನಿಂತ ನಮ್ಮಂಥವರಿಗೆ 125 ಗಂಟೆ ಕೊರತೆ. ಟೆಕ್ಸಸ್‌ನಲ್ಲಿ ಕಲಿಯುವವರೂ 625–650 ಗಂಟೆಯ ಕೋರ್ಸ್ ಇರುವ ಶಾಲೆ ಸಿಕ್ಕಿದರೆ ಅದನ್ನೇ ಹಿಡಿಯಿರಿ ಅಂತ ನಾನು ಹೇಳುವುದು ಇದಕ್ಕೇ. ಆಮೇಲೆ ಬಿಡಿಯಾಗಿ 125 ಗಂಟೆ ಸೇರಿಸುವುದು ಎಷ್ಟು ತಾಪತ್ರಯ ಅಂತ ಮಾಡಿದವರಿಗೇ ಗೊತ್ತು.

ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ

ಹಡ್ಸನ್ ನದಿಯ ಈಚೆ ನ್ಯೂಜೆರ್ಸಿಯಲ್ಲಿ 500 ಗಂಟೆ, ಆಚೆ ನ್ಯೂಯಾರ್ಕ್‌ನಲ್ಲಿ 1000. ಎಡಿಸನ್‌ನಿಂದ ಮ್ಯಾನ್‌ಹಟನ್‌ಗೆ ದಿನಾ ರೈಲಿನಲ್ಲಿ ಹೋಗಿ ಬರುವವರು ಎಷ್ಟೋ ಜನ ಇದ್ದರೂ ಮಸಾಜ್ ಲೈಸೆನ್ಸ್ ಮಾತ್ರ ನದಿ ದಾಟುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಕೆಲಸ ಮಾಡಬೇಕಾದರೆ ನ್ಯೂಯಾರ್ಕ್‌ನದೇ ಬೇಕು. ವರ್ಷಗಟ್ಟಲೆ ತನ್ನದೇ ಪರೀಕ್ಷೆ ನಡೆಸಿಕೊಂಡು ಬಂದ ರಾಜ್ಯ ಅದು, ಹಾಗಾಗಿ ಅರ್ಜಿ ಹಾಕುವ ಮುಂಚೆ ಪರೀಕ್ಷೆಯ ನಿಯಮವನ್ನು ಶಿಕ್ಷಣ ಇಲಾಖೆಯಲ್ಲೇ ಕೇಳಿ. ಲೈಸೆನ್ಸ್ ಬಂದ ಮೇಲೆ ಮೂರು ವರ್ಷಕ್ಕೆ 36 ಗಂಟೆಯ ಪಾಠ ಮುಗಿಸುತ್ತಿರಬೇಕು.

ಎಡಿಸನ್‌ನವರಿಗೆ ಎರಡು ಚಿಕ್ಕ ಮಕ್ಕಳು. ಅವರಿಗೆ ನ್ಯೂಜೆರ್ಸಿಯೇ ಸಾಕು ಅಂದೆ. ಅಲ್ಲಿ ಓಕ್ ಟ್ರೀ ರಸ್ತೆಯ ಸುತ್ತಮುತ್ತ ನಮ್ಮ ದೇಶದವರೇ ತುಂಬಿದ್ದಾರೆ, ಗ್ರಾಹಕರಿಗಾಗಿ ನದಿ ದಾಟಬೇಕಾಗಿಲ್ಲ. ಮಕ್ಕಳು ದೊಡ್ಡವರಾದ, ಕೈಯಲ್ಲಿ ಒಂದೂವರೆ ವರ್ಷ ಪುರುಸೊತ್ತಿರುವ, ನ್ಯೂಯಾರ್ಕ್ ಬಿಟ್ಟು ಹೋಗುವುದಿಲ್ಲ ಅನ್ನುವವರಿಗೆ 1000 ಗಂಟೆ ಖಂಡಿತ ದಂಡವಲ್ಲ. ಅಷ್ಟು ಗಂಟೆ ಓದಿದವರಿಗೆ ಮುಂದೆ ಯಾವ ರಾಜ್ಯಕ್ಕೆ ಹೋದರೂ ಗಂಟೆಯ ಕೊರತೆ ಬರುವುದಿಲ್ಲ.

ಒಂದು ಎಚ್ಚರಿಕೆ. ನ್ಯೂಯಾರ್ಕ್‌ನಲ್ಲಿ ಲೈಸೆನ್ಸ್ ಇಲ್ಲದೆ ಈ ಕಸುಬು ಮಾಡುವುದು ಫೆಲನಿ, ಅಂದರೆ ಗಂಭೀರ ಅಪರಾಧ. ವೀಸಾದ ಮೇಲೆ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು.

ಮಿನ್ನೆಸೋಟಾ

ಇಲ್ಲಿ ರಾಜ್ಯದ ಲೈಸೆನ್ಸ್ ಇಲ್ಲ. ಲೈಸೆನ್ಸ್ ಇಲ್ಲದ ಆರೈಕೆಯವರು ಹೇಗೆ ನಡೆದುಕೊಳ್ಳಬೇಕು ಅನ್ನುವ ಒಂದು ಕಾನೂನು ಇದೆ. ಗ್ರಾಹಕರಿಗೆ ಅವರ ಹಕ್ಕುಗಳ ಪಟ್ಟಿಯನ್ನು ಬರೆದು ಕೊಡಬೇಕು, ನಿಮ್ಮ ಓದು ಎಷ್ಟು ಅಂತ ತಿಳಿಸಬೇಕು. ಮಿಕ್ಕದ್ದು ನಗರಸಭೆಗೆ ಸೇರಿದ್ದು. ಒಂದು ಊರಿನಲ್ಲಿ ಪೊಲೀಸ್ ತಪಾಸಣೆ, ಬೆರಳಚ್ಚು, ವಾರ್ಷಿಕ ಶುಲ್ಕ. ಪಕ್ಕದ ಊರಿನಲ್ಲಿ ಬೇರೆಯೇ.

ಬೆರಳಚ್ಚು ಕೊಡಲು ಪೊಲೀಸ್ ಠಾಣೆಯ ಕಿಟಕಿಯ ಮುಂದೆ ನಿಂತಾಗ ಮನಸ್ಸಿಗೆ ಒಂಥರಾ ಆಗುತ್ತದೆ. ಮಸಾಜ್ ಅಂದರೆ ವೇಶ್ಯಾವಾಟಿಕೆ, ಮಾನವ ಸಾಗಣೆ ಅನ್ನುವ ಅನುಮಾನದಿಂದಲೇ ಇಂಥ ಎಷ್ಟೋ ನಿಯಮಗಳು ಹುಟ್ಟಿವೆ. ಆ ಅನುಮಾನಕ್ಕೆ ಕಾರಣವೂ ಇದೆ, ಅದರಿಂದ ನಿಜವಾಗಿ ನರಳಿದ ಹೆಣ್ಣುಮಕ್ಕಳೂ ಇದ್ದಾರೆ. ಆದ್ದರಿಂದಲೇ ನನಗೆ ರಾಜ್ಯದ ಲೈಸೆನ್ಸ್ ಹಿತ ಅನ್ನಿಸುವುದು. ಆರೋಗ್ಯ ಇಲಾಖೆಯಿಂದ ಬಂದ ಹಾಳೆ ಗೋಡೆಯ ಮೇಲಿದ್ದರೆ ಗ್ರಾಹಕರ ನೋಟ ಬೇರೆ, ನಾವು ನಿಲ್ಲುವ ರೀತಿಯೂ ಬೇರೆ.

ಮಿನ್ನೆಸೋಟಾದಲ್ಲಿ ಕಡಿಮೆ ದುಡ್ಡಿನಲ್ಲಿ ಬೇಗ ಶುರು ಮಾಡಬಹುದು, ನಿಜ. ಆದರೆ ಚಿಕ್ಕ ಕೋರ್ಸ್ ಮುಗಿಸಿ ಕೆಲಸ ಹಿಡಿದರೆ ಬೇರೆ ರಾಜ್ಯಕ್ಕೆ ಹೋದ ದಿನ ಮತ್ತೆ ಒಂದನೇ ತರಗತಿ. ಅಲ್ಲಿರುವವರು ನಿಯಮ ಇಲ್ಲದಿದ್ದರೂ 625 ಗಂಟೆ ಓದಿ, ಎಂಬ್ಲೆಕ್ಸ್ ಬರೆದು ಇಟ್ಟುಕೊಳ್ಳಿ.

ಬಾಣಂತಿ ಆರೈಕೆ, ಅಭ್ಯಂಗ, ಬಿಎಎಂಎಸ್

ನಮ್ಮವರಿಂದ ಅತಿ ಹೆಚ್ಚು ಬರುವ ಪ್ರಶ್ನೆ ಇದು. "ನಾನು ಮಾಡುವುದು ಮಸಾಜ್ ಅಲ್ಲ, ಬರೀ ಬಾಣಂತಿ ಸ್ನಾನ. ಅದಕ್ಕೂ ಬೇಕಾ?" ಅಡುಗೆ ಮಾಡಿಕೊಡುವುದು, ಮಗುವನ್ನು ನೋಡಿಕೊಳ್ಳುವುದು, ನೀರು ಕಾಯಿಸುವುದು, ಲೋಬಾನ ಹಾಕುವುದು ಬೇರೆ. ದುಡ್ಡಿಗೆ ತಾಯಿಯ ಬೆನ್ನು, ಸೊಂಟ, ಕಾಲನ್ನು ಎಣ್ಣೆ ಹಚ್ಚಿ ನೀವಿದರೆ ಟೆಕ್ಸಸ್, ಫ್ಲಾರಿಡಾ, ನ್ಯೂಯಾರ್ಕ್‌ನಂಥ ರಾಜ್ಯಗಳ ಕಾನೂನಿನ ಕಣ್ಣಿಗೆ ಅದು ಮಸಾಜೇ. ಹೆಸರು ಬದಲಿಸಿದರೆ ಕೆಲಸ ಬದಲಾಗುವುದಿಲ್ಲ. ಅಭ್ಯಂಗಕ್ಕೂ ಇದೇ ಮಾತು.

ಲೈಸೆನ್ಸ್‌ಗಾಗಿ ಕಲಿತದ್ದರಿಂದ ನನ್ನ ಬಾಣಂತಿ ಆರೈಕೆಯೇ ಬದಲಾಯಿತು, ಇದನ್ನು ಮನಸಾರೆ ಹೇಳುತ್ತೇನೆ. ಹೆರಿಗೆಯಾದ ಹೊಸದರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ಮೀನಖಂಡದಲ್ಲಿ ನೋವಿದ್ದರೆ ಅದನ್ನು ನೀವಲೇಬಾರದು, ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಊರಿನಲ್ಲಿ ನಾವು ಅಂಥ ಕಾಲನ್ನೇ ಜೋರಾಗಿ ತಿಕ್ಕುತ್ತಿದ್ದೆವು. ಈಗ ಎಣ್ಣೆ ಬಟ್ಟಲು ಮುಟ್ಟುವ ಮುಂಚೆ ಎರಡೂ ಕಾಲನ್ನು ಪಕ್ಕಪಕ್ಕ ಇಟ್ಟು ನೋಡುತ್ತೇನೆ, ಅಂಗೈ ಹಿಂಭಾಗದಿಂದ ಬಿಸಿ ಪರೀಕ್ಷಿಸುತ್ತೇನೆ. ಸಿಸೇರಿಯನ್ ಆದವರ ಹೊಟ್ಟೆ ಡಾಕ್ಟರ್ ಹೇಳುವವರೆಗೂ ಮುಟ್ಟುವುದಿಲ್ಲ.

ಬಿಎಎಂಎಸ್ ಮುಗಿಸಿ ಬಂದವರಿಗೆ ಒಂದು ಕಹಿ ಮಾತು. ಆಯುರ್ವೇದ ವೈದ್ಯರಿಗೆ ಲೈಸೆನ್ಸ್ ಕೊಡುವ ರಾಜ್ಯ ಅಮೆರಿಕದಲ್ಲಿ ಇಲ್ಲ. ಐದೂವರೆ ವರ್ಷದ ಓದಿಗೆ ಇಲ್ಲಿ ಕೈಯಿಂದ ಚಿಕಿತ್ಸೆ ಮಾಡುವ ಹಕ್ಕು ಬರುವುದಿಲ್ಲ. ಮಸಾಜ್ ಲೈಸೆನ್ಸ್ ಇದ್ದರೆ ಅಭ್ಯಂಗದ ಭಾಗ ಕಾನೂನಿನ ಒಳಗೆ ಬರುತ್ತದೆ. ನಿಮ್ಮ ದೇಹರಚನೆಯ ಓದನ್ನು ಗಂಟೆಗಳಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ ಅಂತ ಸೇರುವ ಮುಂಚೆ ಶಾಲೆಯನ್ನೂ ಮಂಡಳಿಯನ್ನೂ ಬರಹದಲ್ಲಿ ಕೇಳಿ. ಪರೀಕ್ಷೆ ಮಾತ್ರ ನಿಮಗೆ ನೀರು ಕುಡಿದಷ್ಟು ಸುಲಭ. ಊರಿನಲ್ಲಿ ಮಾಡಿದ ಪಂಚಕರ್ಮದ ಆರು ತಿಂಗಳ ಸರ್ಟಿಫಿಕೇಟ್ ನೇರವಾಗಿ ನಡೆಯುತ್ತದೆ ಅಂತ ಮಾತ್ರ ನಂಬಬೇಡಿ.

ಶಾಲೆಗೆ ದುಡ್ಡು ಕಟ್ಟುವ ಮುಂಚೆ

ರಾಜ್ಯ ತೀರ್ಮಾನವಾದ ಮೇಲೆ ಶಾಲೆಗೆ ಒಂದು ಫೋನ್ ಮಾಡಿ. ಈ ರಾಜ್ಯದ ಮಂಡಳಿ ನಿಮ್ಮ ಶಾಲೆಯನ್ನು ಈಗ ಒಪ್ಪಿದೆಯಾ ಅಂತ ಕೇಳಿ. ಅವರು ಹೌದು ಅಂದರೂ ಮಂಡಳಿಯ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಿ. ಎಷ್ಟು ಗಂಟೆ ತರಗತಿಯಲ್ಲಿ, ಎಷ್ಟು ಆನ್‌ಲೈನ್‌ನಲ್ಲಿ ಅಂತ ಕೇಳಿ. ಪೂರ್ತಿ ಆನ್‌ಲೈನ್ ಅನ್ನುವ ಶಾಲೆ ಬೇಡ. ಕೈ ಕೆಲಸದ ಕಸುಬನ್ನು ಪರದೆ ನೋಡಿ ಕಲಿತೆ ಅಂದರೆ ಮಂಡಳಿಗಳು ಒಪ್ಪುವುದಿಲ್ಲ. ಹೋದ ವರ್ಷ ಎಷ್ಟು ಜನ ಎಂಬ್ಲೆಕ್ಸ್ ಬರೆದು ಎಷ್ಟು ಜನ ಪಾಸಾದರು ಅಂತ ಕೇಳಿ. ಮಧ್ಯದಲ್ಲಿ ಬಿಟ್ಟರೆ ಎಷ್ಟು ದುಡ್ಡು ವಾಪಸ್ ಅಂತಲೂ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ. ವಿದ್ಯಾರ್ಥಿ ವಿಮೆ ಇದೆಯಾ ನೋಡಿ. ಓದು ಮುಗಿದ ಮೇಲೆ ವೃತ್ತಿಪರರ ಸಂಘಗಳ ಮೂಲಕ ವರ್ಷಕ್ಕೆ ಸುಮಾರು 200–250 ಡಾಲರ್‌ಗೆ ಹೊಣೆಗಾರಿಕೆಯ ವಿಮೆ ಸಿಗುತ್ತದೆ, ಅದಿಲ್ಲದೆ ಒಬ್ಬರ ಮೈಯನ್ನೂ ಮುಟ್ಟಬೇಡಿ.

ಕೋರ್ಸ್ ಮುಗಿದ ದಿನವೇ ವಿಷಯವಾರು ಗಂಟೆ ಬಿಡಿಸಿ ಬರೆದ ಅಂಕಪಟ್ಟಿಯನ್ನು ಕೇಳಿ ತೆಗೆದುಕೊಳ್ಳಿ. ಮುಚ್ಚಿದ ಲಕೋಟೆಯಲ್ಲಿ ಮೂರು ಪ್ರತಿ, ಜೊತೆಗೆ ಪೂರ್ತಿ ಪಾಠಪಟ್ಟಿ. ನನ್ನವು ಈಗ ಪಾಸ್‌ಪೋರ್ಟ್‌ಗಳ ಜೊತೆ ಅದೇ ಫೈಲಿನಲ್ಲಿವೆ, ಲಕೋಟೆಯ ಮೇಲೆ "ಒಡೆಯಬೇಡಿ" ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೇನೆ.